ಮೂರನೆಯ ಬ್ಯಾಟರಿ

ಗಂಡ ಸತ್ತ ಹದಿನೆಂಟನೆಯ ದಿನ ಅವಳು ಶೆಡ್ಡಿನ ಬಾಗಿಲು ತೆಗೆದಳು. ಮೈದುನ ಅಡ್ಡ ನಿಂತ.

"ಅತ್ತಿಗೆ, ಇದು ಅಡುಗೆಮನೆಯಲ್ಲ. ಕೈ ಸುಟ್ಕೋತೀರಿ."

"ಅಡುಗೆಮನೇಲೂ ಸುಟ್ಕೊಂಡಿದ್ದೀನಿ. ಸರಿ ಪಕ್ಕಕ್ಕೆ."

ಆ ಶೆಡ್ಡಿನಲ್ಲಿ ಗಂಡ ಹೆಂಡತಿ ಇಪ್ಪತ್ತೆರಡು ವರ್ಷ ಮನೆಗಾಡಿಗಳಿಗೆ ಬ್ಯಾಟರಿ ಕೂರಿಸಿದ್ದರು. ಹಾಸಿಗೆ, ಒಲೆ, ಫ್ರಿಜ್ಜು ಎಲ್ಲ ಒಳಗೇ ಇಟ್ಟುಕೊಂಡು ಊರೂರು ತಿರುಗುವ ವ್ಯಾನುಗಳು. ಲೆಕ್ಕ ಅವನದು, ಕೈ ಅವಳದು. ವೈರು ಕತ್ತರಿಸುವುದು, ಬೋಲ್ಟು ಬಿಗಿಯುವುದು ಅವಳ ಕೆಲಸ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಕೂಡುವುದು ಬರುತ್ತಿತ್ತು. ಗುಣಿಸುವುದು ಅಷ್ಟಕ್ಕಷ್ಟೆ.

ಒಂದು ಗಾಡಿ ಅರ್ಧಕ್ಕೆ ನಿಂತಿತ್ತು. ಅದು ನಿವೃತ್ತ ಬಸ್ ಡ್ರೈವರನದು. ಅವನ ಹೆಂಡತಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಮೂಗಿಗೆ ಗಾಳಿ ಊದುವ ಯಂತ್ರವಿಲ್ಲದೆ ಆಕೆ ಮಲಗುವಂತಿಲ್ಲ. ಇಬ್ಬರೂ ಹಿಮ ಬೀಳುವ ಬೆಟ್ಟಗಳ ಕಡೆ ಹೊರಟಿದ್ದರು. ಗಾಡಿ ಮೇಲಿನ ಸೋಲಾರ್ ಹಲಗೆಗೆ ಬಿಸಿಲು ಬೀಳದಿದ್ದರೂ ಎರಡು ದಿನ ಬ್ಯಾಟರಿ ಬರಬೇಕು ಅನ್ನುವುದು ಅವರ ಷರತ್ತು. ಗಂಡ ಚೀಟಿಯಲ್ಲಿ ಬರೆದಿಟ್ಟಿದ್ದ: ದಿನಕ್ಕೆ ಎಂಬತ್ತೈದು ಆಂಪಿಯರ್-ಅವರ್ ಕರೆಂಟು, ಎರಡು ದಿನಕ್ಕೆ ನೂರೆಪ್ಪತ್ತು, ನೂರರ ಲಿಥಿಯಂ ಬ್ಯಾಟರಿ ಎರಡು.

"ಅಣ್ಣ ಬರೆದಿದ್ದಾನಲ್ಲ, ಅಷ್ಟು ಕೂರಿಸಿ ಗಾಡಿ ಕಳಿಸಿ" ಅಂದ ಮೈದುನ. "ಗಿರಾಕಿ ತಕರಾರು ಮಾಡಿದ್ರೆ ಶೆಡ್ಡು ಮುಚ್ಚಿಬಿಡೋಣ."

"ಮಾಡದಿದ್ರೆ?"

"ನಿಮ್ಮಿಷ್ಟ. ನಾನು ತುಟಿ ಬಿಚ್ಚಲ್ಲ."

ಗಂಡನ ಹಾಗೆ ಪ್ರತಿ ಯಂತ್ರದ ಬೆನ್ನಿನ ಮೇಲೆ ಕರೆಂಟಿನ ಲೆಕ್ಕ ಬರೆದ ಪಟ್ಟಿ ಓದಿ ಗುಣಿಸುವುದು ಅವಳಿಂದ ಆಗದು. ತನಗೆ ತಿಳಿದ ದಾರಿ ಹಿಡಿದಳು. ಎರಡು ಬ್ಯಾಟರಿ ತುಂಬಿಸಿ ಗಾಡಿಯಲ್ಲಿಟ್ಟಳು. ಹೊರಗೆ ಹೋಗುವ ಕರೆಂಟು ಎಣಿಸುವ ಮೀಟರು ಕೂರಿಸಿದಳು. ಡ್ರೈವರನನ್ನೂ ಅವನ ಹೆಂಡತಿಯನ್ನೂ ಕರೆಸಿದಳು.

"ಒಂದು ಪೂರ್ತಿ ದಿನ ಇದರೊಳಗೇ ಇರಿ. ಇಲ್ಲೇ, ಅಂಗಳದಲ್ಲಿ. ಮನೇಲಿ ಹೇಗಿರ್ತೀರೋ ಹಾಗೇ ಇರಿ. ನೆಂಟರ ಮನೆಗೆ ಬಂದವರ ಥರ ದೀಪ ಆರಿಸ್ಕೊಂಡು ಕೂತ್ಕೋಬೇಡಿ."

ಡ್ರೈವರ್ ನಕ್ಕ. "ಮೂವತ್ತು ವರ್ಷ ಬಸ್ಸಲ್ಲೇ ಬದುಕಿದವನಮ್ಮ ನಾನು. ಇದೇನು ಮಹಾ."

ಮರುದಿನ ಬೆಳಿಗ್ಗೆ ಮೀಟರು ನೂರಮೂವತ್ತೈದು ತೋರಿಸಿತು.

ಅವಳು ಮತ್ತೊಮ್ಮೆ ನೋಡಿದಳು. ನೂರಮೂವತ್ತೈದೇ. ಗಾಡಿಯೊಳಗೆ ಹತ್ತಿ ಉಸಿರಿನ ಯಂತ್ರವನ್ನು ಎತ್ತಿದಳು. ಕೆಳಗೆ ಅಂಗೈಯಗಲದ ನೀರಿನ ತೊಟ್ಟಿ ಇತ್ತು. ಮೂಗು ಒಣಗದಿರಲಿ ಅಂತ ಅದು ನೀರು ಬಿಸಿ ಮಾಡಿ ಗಾಳಿಗೆ ಬೆರೆಸುತ್ತಿತ್ತು. ಕರೆಂಟು ಕುಡಿಯುತ್ತಿದ್ದದ್ದು ಅದು. ಅದರ ಪಟ್ಟಿ ತಳದಲ್ಲಿತ್ತು. ಗಂಡ ಮೇಲಿನ ಪಟ್ಟಿ ಓದಿದ್ದ, ಎತ್ತಿ ನೋಡಿರಲಿಲ್ಲ. ಮೇಲಾಗಿ ಇನ್ವರ್ಟರು ಸುಮ್ಮನೆ ಕೂತೇ ತಿನ್ನುವುದನ್ನು ಅವನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಕೆಳಗಿಳಿದು ಹೇಳಿದಳು. "ಅವರು ಬರೆದಿದ್ದು ತಪ್ಪು. ಎರಡು ದಿನಕ್ಕೆ ಇನ್ನೂರೆಪ್ಪತ್ತಾಗುತ್ತೆ. ಮೂರು ಬೇಕು."

ಮೈದುನನ ಮುಖ ಕೆಂಪಾಯಿತು. "ಮಣ್ಣು ಇನ್ನೂ ಆರಿಲ್ಲ, ಆಗಲೇ ಅಣ್ಣನ ಮೇಲೆ ತಪ್ಪು ಹೊರಿಸ್ತೀರಾ?"

"ಸತ್ತವರು ಬರೆದ್ರು ಅಂತ ಬ್ಯಾಟರಿ ಹೆಚ್ಚು ಹೊತ್ತು ಓಡಲ್ಲ ಕಣೋ."

"ಹಳೇ ಸೀಸದ ಬ್ಯಾಟರಿ ಆದ್ರೆ ಅರ್ಧ ಕೊಟ್ಟು ಅಳುತ್ತೆ. ಲಿಥಿಯಂ ಹೆಚ್ಚುಕಮ್ಮಿ ಪೂರ್ತಿ ಕೊಡುತ್ತೆ. ಎರಡು ಧಾರಾಳ ಸಾಕು."

"ಪೂರ್ತಿ ಕೊಡುತ್ತೆ. ಆಮೇಲೆ ಟಪ್ ಅಂತ ನಿಲ್ಲುತ್ತೆ. ಹಳೇದಾದ್ರೆ ದೀಪ ಮಂಕಾಗಿ ಮುಂಚೇನೇ ಹೇಳ್ತಿತ್ತು. ಇದು ಹೇಳದೆ ಹೋಗುತ್ತೆ." ಅವಳ ದನಿ ಏರಿತು. "ಹೇಳದೆ ಹೋದ್ರೆ ಉಳಿದವರಿಗೆ ಹೇಗಿರುತ್ತೆ ಅಂತ ನನ್ನನ್ನ ಕೇಳು."



ಡ್ರೈವರ್ ಕೆಮ್ಮಿದ. "ಮೂರನೇದಕ್ಕೆ ಜಾಗ ಎಲ್ಲಿ?"

"ಹಾಸಿಗೆ ಕೆಳಗೆ. ನಿಮ್ಮ ಗಾಳದ ಡ್ರಾಯರ್ ಕಿತ್ತರೆ ಆಗುತ್ತೆ."

ಅವನ ಮುಖ ಇಳಿಯಿತು. ಮೀನು ಹಿಡಿಯುವ ಗಾಳ, ದಾರ, ಕೊಕ್ಕೆ ಇಡಲು ಅವನೇ ಅಳತೆ ಕೊಟ್ಟು ಮಾಡಿಸಿದ ಡ್ರಾಯರ್ ಅದು. ಮೈದುನ ಸಂದು ಸಿಕ್ಕಿತು ಅಂತ ನುಗ್ಗಿದ. "ಬೇಡ ಯಜಮಾನ್ರೇ, ಗಾಡಿ ಹೊಟ್ಟೆ ಕೆಳಗೆ ಹೊರಗಡೆ ಒಂದು ಪೆಟ್ಟಿಗೆ ತೂಗುಹಾಕಿದ್ರೆ ಮುಗೀತು."

"ಹಿಮದಲ್ಲಿ ತೂಗುಹಾಕ್ತೀಯಾ?" ಅಂದಳು. "ನೀರು ಗಡ್ಡೆ ಕಟ್ಟೋ ಚಳೀಲಿ ಲಿಥಿಯಂಗೆ ಚಾರ್ಜ್ ಕೊಟ್ರೆ ಅದು ಕೆಟ್ಟೇ ಹೋಗುತ್ತೆ. ಬ್ಯಾಟರಿ ಒಳಗೇ ಇರಬೇಕು, ಮನುಷ್ಯರ ಬಿಸೀಲಿ. ಡ್ರಾಯರ್ ಹೋಗಲೇಬೇಕು. ಎರಡೇ ಸಾಕು ಅನ್ನೋದಾದ್ರೆ ಗಾಡಿ ತಗೊಂಡು ಹೋಗಿ. ಎರಡು ಹಾಕಿ ನಾನು ಕಳಿಸಲ್ಲ."

ಗಿರಾಕಿಯನ್ನು ಬಾಗಿಲವರೆಗೆ ತಳ್ಳಿದಂತಾಯಿತು. ಮೈದುನ ಕೈಕಟ್ಟಿ ನಿಂತ, ಗೆದ್ದವನ ಹಾಗೆ. ಅವಳು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಅಲ್ಲಿಯತನಕ ಗಾಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ಡ್ರೈವರನ ಹೆಂಡತಿ ಗಂಡನ ಕಡೆ ತಿರುಗಿದಳು.

"ಅಲ್ಲಾ, ನಾನು ಉಸಿರಾಡಬೇಕೋ, ನಿಮ್ಮ ಮೀನು ಉಸಿರಾಡಬೇಕೋ?"

ಡ್ರೈವರ್ ತಲೆ ಕೆರೆದುಕೊಂಡ. "ಮೀನು ನೀರಲ್ಲೇ ಇರಲಿ ಬಿಡೆ." ಆಮೇಲೆ ಶೆಡ್ಡಿನವಳಿಗೆ ಹೇಳಿದ, "ಕಿತ್ತುಹಾಕಮ್ಮ."

ಅವಳು ಗರಗಸ ತಂದಳು.

ಮೈದುನ ನಿಂತೇ ಇದ್ದ. "ಅಣ್ಣ ಇದ್ದಿದ್ರೆ ನಿಮ್ಮನ್ನ ಹೀಗೆ ಬಿಡ್ತಿರಲಿಲ್ಲ."

"ಅವರಿದ್ದಿದ್ರೆ ಅವರ ಹತ್ರಾನೇ ಜಗಳ ಆಡ್ತಿದ್ದೆ. ಎರಡು ದಿನ ಮುಖ ಊದಿಸ್ಕೊಂಡು ಮೂರನೇ ದಿನ ಒಪ್ಕೋತಿದ್ರು. ಈಗ ನನಗೆ ನೀನೇ ಗತಿ. ಹಲಗೆ ಆ ಕಡೆ ಹಿಡಿ."

ಅವನು ಹಿಡಿದ. ಅರ್ಧ ಕೊಯ್ದ ಮೇಲೆ, ತಲೆ ಎತ್ತದೆ ಕೇಳಿದ, "ನಾಳೆ ಶೆಡ್ಡು ಎಷ್ಟು ಗಂಟೆಗೆ ತೆಗೀತೀರಿ?"

"ಎಂಟಕ್ಕೆ. ನೀನು ಬರೋದಾದ್ರೆ ಏಳೂಮುಕ್ಕಾಲಿಗೆ ಬಾ. ಕಸ ಗುಡಿಸೋದಿರುತ್ತೆ."