ಮೂವತ್ತೆರಡು ಬಿಟ್ಟು

ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ತಾವು ಬಳಸಿ ಬೇಸತ್ತ ಒಂದು ಕಂಪ್ಯೂಟರು ಕೊಟ್ಟರು. ಕೊಟ್ಟ ದಿನ ಹಾರ, ಶಾಲು, ಫೋಟೊ ಎಲ್ಲ ಆಯಿತು. ಮಾರನೆಯ ದಿನ ಗುಂಡಿ ಒತ್ತಿದರೆ ಅದು ಏಳಲೇ ಇಲ್ಲ. ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಬೇಕು ಅಂತಾಯಿತು. ಗಂಡ ಕೆ.ಆರ್. ಪೇಟೆಯಲ್ಲಿ ರೇಡಿಯಂ ಅಂಗಡಿ ಇಟ್ಟಿದ್ದಾರೆ ಅನ್ನುವ ಒಂದೇ ಅರ್ಹತೆಯ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ಇವತ್ತು ಬಿಸಿಯೂಟ ಮುಗಿಸಿ, ಹೊಸ ಸಿಸ್ಟಮ್ಮಿನ ಸೀಡಿ ಹಾಕಿ ಅದರ ಮುಂದೆ ಕೂತೆ. ತೆರೆಯ ಮೇಲೆ ಎರಡು ಚೌಕ ಬಂದವು. ಒಂದರಲ್ಲಿ ಮೂವತ್ತೆರಡು ಬಿಟ್, ಇನ್ನೊಂದರಲ್ಲಿ ಅರವತ್ತನಾಲ್ಕು ಬಿಟ್. ಯಾವುದಾದರೂ ಒಂದನ್ನು ಆರಿಸಿ ಅಂತ ಕೇಳುತ್ತಿತ್ತು.

ನನ್ನ ಬೆರಳು ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಹೆಡ್‌ಮಾಸ್ತರು, "ಯಾಕ್ ಮೇಡಂ, ಒತ್ತಿ. ಅರವತ್ನಾಲ್ಕು ದೊಡ್ಡದಲ್ವಾ, ಅದೇ ಇರ್ಲಿ" ಅಂದರು. "ಒಸಿ ತಡೀರಿ ಸಾರ್" ಅಂತ ಎದ್ದು ಹೋಗಿ, ಶಾಲೆಯಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿಕೊಂಡು ಬಂದೆ: ಈ ಕಂಪ್ಯೂಟರಿನೊಳಗೆ ನಿಮ್ಮದು ಏನಾದರೂ ಇದೆಯಾ? ಮೊನ್ನೆ ಬಂದ ಯಂತ್ರದಲ್ಲಿ, ಅದೂ ಏಳದೆ ಮಲಗಿರುವ ಯಂತ್ರದಲ್ಲಿ ಯಾರದೇನಿರುತ್ತದೆ? ಅಡುಗೆಯ ಲಕ್ಷ್ಮಮ್ಮನನ್ನೂ ಬಿಡಲಿಲ್ಲ. ಅವಳು "ನನ್ ಸಾಮಾನೆಲ್ಲ ಅಡ್ಗೆ ಕ್ವಾಣೇಲೇ ಅವೆ ಕಣವ್ವ" ಅಂದಳು. ನೀವೂ ನಗುತ್ತಿದ್ದೀರಿ ಅಂತ ಗೊತ್ತು. ನಗಿ. ಈ ವಿಷಯದಲ್ಲಿ ನಮ್ಮ ನೆಂಟರೆಲ್ಲ ನಕ್ಕು ಮುಗಿಸಿದ್ದಾರೆ, ನೀವೊಬ್ಬರು ಬಾಕಿ.

ಈ ಬಿಟ್ ಅಂದರೇನು ಅಂತ ನಿಮಗೆ ಗೊತ್ತಿದ್ದರೆ ಮುಂದಿನ ನಾಲ್ಕು ಮಾತು ಹಾರಿಸಿ. ನನಗೆ ತಿಳಿದ ಮಟ್ಟಿಗೆ ಅದು ಯಂತ್ರದ ತುತ್ತಿನ ಅಳತೆ. ಮೂವತ್ತೆರಡರದು ಸಣ್ಣ ತುತ್ತು, ಅರವತ್ತನಾಲ್ಕರದು ದೊಡ್ಡ ತುತ್ತು. ಹಳೆಯ ಪ್ರೋಗ್ರಾಮುಗಳಿಗೆ ಸಣ್ಣದೇ ಸರಿ, ದೊಡ್ಡದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೂವತ್ತೆರಡರ ಮೇಲೆ ಮೂವತ್ತೆರಡನ್ನೇ ಇನ್ನೊಮ್ಮೆ ಹಾಕಿದರೆ ಒಳಗಿನ ಸಾಮಾನು ಇದ್ದಲ್ಲೇ ಇರುತ್ತದೆ. ಅದನ್ನು ತೆಗೆದು ಅರವತ್ತನಾಲ್ಕು ಕೂರಿಸಬೇಕಾದರೆ ಮಾತ್ರ ಮನೆ ಖಾಲಿ ಮಾಡಬೇಕು. ಊರಿಗೆಲ್ಲ ಕಂಪ್ಯೂಟರು ಬರೀ ಟೀವಿಯಂಥದ್ದೊಂದು ಪೆಟ್ಟಿಗೆಯಾಗಿದ್ದಾಗಲೇ ನಾನು ಇದನ್ನೆಲ್ಲ ಕಲಿತೆ, ಸುಖವಾಗಿ ಕಲಿತದ್ದಲ್ಲ.

ನಮ್ಮ ಯಜಮಾನರು ಮೊದಲು ಬೋರ್ಡು ಬರೆಯುತ್ತಿದ್ದವರು. ನಾನು ಗಂಡನನ್ನು ನೋಡುವ ಮೊದಲೇ ಅವರ ಅಕ್ಷರ ನೋಡಿದ್ದೆ. ನನ್ನ ತವರು ಅಕ್ಕಿಹೆಬ್ಬಾಳು. ಅಲ್ಲಿನ ಹಿಟ್ಟಿನ ಗಿರಣಿಯ ಬೋರ್ಡು ಅವರ ಕೈಯದು. ರಾಗಿ ಬೀಸಿಸಲು ಹೋದಾಗ ಪಾಳಿ ಬರುವ ತನಕ ಅದನ್ನೇ ಓದುತ್ತ ನಿಲ್ಲುತ್ತಿದ್ದೆ. ಅಕ್ಷರದ ತಲೆಕಟ್ಟು ಕೊನೆಯಲ್ಲಿ ಒಂಚೂರು ಮೇಲಕ್ಕೆ ಎದ್ದಿರುತ್ತಿತ್ತು, ಯಾರೋ ಕೂಗಿದಾಗ ತಲೆ ಎತ್ತಿದ ಹಾಗೆ. ಆಮೇಲೆ ಆ ಅಕ್ಷರದವರೇ ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ತಿಂದರು, ತುಟಿ ಬಿಚ್ಚಲಿಲ್ಲ. ಮಾತಿಲ್ಲದ ಮನುಷ್ಯ ಅಂತ ನಮ್ಮವ್ವ ಹಿಂದೆ ಮುಂದೆ ನೋಡಿದಳು. ಮಾತೆಲ್ಲ ಬೋರ್ಡಿನ ಮೇಲಿದೆ ಬಿಡವ್ವ ಅಂತ ನಾನೇ ಹೂಂ ಅಂದೆ.

ಕುಂಚದ ಕಾಲ ಹೋಯಿತು, ರೇಡಿಯಂ ಬಂತು. ರೇಡಿಯಂ ಅಂದರೆ ಮತ್ತೇನಲ್ಲ, ಲೈಟು ಬಿದ್ದರೆ ಹೊಳೆಯುವ ಅಂಟುಹಾಳೆ. ಅದರಲ್ಲಿ ಅಕ್ಷರ ಕತ್ತರಿಸಿ ಬೈಕಿಗೆ, ಬಸ್ಸಿಗೆ, ಟ್ರಾಕ್ಟರಿನ ಟ್ರೇಲರಿಗೆ ಅಂಟಿಸುತ್ತಾರೆ. ಕತ್ತರಿಸುವ ಮಿಶಿನ್ನಿಗೆ ಕಂಪ್ಯೂಟರು ಬೇಕು, ಕಂಪ್ಯೂಟರಿಗೆ ಅಕ್ಷರ ಬೇಕು. ಎಲ್ಲರೂ ಸಿದ್ಧ ಅಕ್ಷರ ಹಾಕಿಕೊಂಡರು. ಇವರು ಒಪ್ಪಲಿಲ್ಲ. ತಮ್ಮ ಕೈಯಕ್ಷರವನ್ನೇ ಒಂದೊಂದಾಗಿ ಕಾಗದದ ಮೇಲೆ ಬರೆದು, ಯಂತ್ರದೊಳಗೆ ತೆಗೆದುಕೊಂಡು, ತೆರೆಯ ಮೇಲೆ ತಿದ್ದಿದರು. ನಮ್ಮ ಕನ್ನಡದ ಅಕ್ಷರ ಗೊತ್ತಲ್ಲ, ಕಾಗುಣಿತ, ಒತ್ತು, ಕೊಂಬು, ದೀರ್ಘ, ಒಂದೇ ಎರಡೇ! 'ಳ'ಗೆ ಒಂದು ವಾರ ಹಿಡಿಯಿತು. "ಏನ್ರೀ ಅದು, ಮಗು ಹೆತ್ತಷ್ಟು ನೋಯ್ತೀರಲ್ಲ" ಅಂತ ರೇಗಿಸುತ್ತಿದ್ದೆ.

ರೇಗಿಸಿದ್ದು ಹೌದು, ಆದರೆ ಅವಸರ ಯಾಕೆ ಅಂತ ನನಗೂ ಗೊತ್ತಿತ್ತು. ಬಲಗೈಗೆ ನಡುಕ ಶುರುವಾಗಿತ್ತು. ನರದ ಕಾಯಿಲೆ, ಹಿಂದಕ್ಕೆ ಹೋಗುವುದಿಲ್ಲ ಅಂತ ಮೈಸೂರಿನ ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ಇವರು ಅಂದದ್ದು ಒಂದೇ ಮಾತು: "ಕೈ ಓಗೋದ್ರೊಳ್ಗೆ ಅಕ್ಸರನ ಒಳುಕ್ಕಾಕ್ಬುಡ್ತೀನಿ ಕಣಮ್ಮಿ." ಹಾಕಿದರು. ಕೊನೆಯ ಒತ್ತಕ್ಷರ ಮುಗಿಯುವ ಹೊತ್ತಿಗೆ ಚಹಾದ ಲೋಟ ಹಿಡಿಯಲು ಎರಡು ಕೈ ಬೇಕಾಗುತ್ತಿತ್ತು. ಆದರೂ ಆ ವರ್ಷ ಮಾಕವಳ್ಳಿಯ ಸಕ್ಕರೆ ಫ್ಯಾಕ್ಟರಿಯ ಮುಂದೆ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಾಗ, ಆ ಎದ್ದ ತಲೆಕಟ್ಟು ಸಾಲಿನ ಉದ್ದಕ್ಕೂ ಕಾಣುತ್ತಿತ್ತು. 'ಅವ್ವನ ಅರಕೆ' ಅಂತ ಒಂದು, 'ಗುದ್ಬ್ಯಾಡ ಕಣಣ್ಣ, ಕಬ್ಬೈತೆ' ಅಂತ ಇನ್ನೊಂದು. ಇವರು ಬಸ್ಸಿಳಿದು ಆ ಸಾಲನ್ನು ತುದಿಯ ತನಕ ನೋಡಿದರು. ನನ್ನ ಗಂಡ ಖುಷಿಯಾಗಿದ್ದಾರೆ ಅಂತ ನಾನು ಬಾಯಿಬಿಟ್ಟು ಹೇಳಬಹುದಾದ ದಿನ ಅದು.

ಈಗ ನನ್ನ ತಮ್ಮ ಮಂಜನ ವಿಷಯ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಅಂತ ಇರುವುದು ಅವನೊಬ್ಬ. ಒಂದು ಗೌರಿ ಹಬ್ಬಕ್ಕೂ ಬಾಗಿನ ತಪ್ಪಿಸಿದವನಲ್ಲ, ಸುಳ್ಳು ಹೇಳಬಾರದು. ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ ಕಂಪ್ಯೂಟರು ಕಲಿತ, ಅಲ್ಲೇ ನೆಲೆಸಿದ. ಜೊತೆಗೆ ನಾಲಿಗೆಯನ್ನೂ ತೊಳೆದುಕೊಂಡ. 'ಬಂದ್ಬುಟ್ಟೆ' ಅನ್ನುತ್ತಿದ್ದವನು 'ಬಂದ್ಬಿಟ್ಟೆ' ಅನ್ನತೊಡಗಿದ, ಇಂಗೆ ಅಂಗೆ ಎಲ್ಲ ಹೀಗೆ ಹಾಗೆ ಆದವು. ಅಂಗಡಿಯ ಕಂಪ್ಯೂಟರು ಕೆಟ್ಟು ಕೂತ ಆ ದಿನ ಅವನು ಯಾವುದೋ ಕೆಲಸಕ್ಕೆ ನಮ್ಮೂರಿಗೆ ಬಂದಿದ್ದ. "ನಾನು ನೋಡ್ತೀನಿ ಬಿಡಕ್ಕ" ಅಂತ ಕೂತ. ಯಜಮಾನರು ಬಸ್ಸೊಂದಕ್ಕೆ ಹೆಸರು ಅಂಟಿಸಲು ನಾಗಮಂಗಲಕ್ಕೆ ಹೋಗಿದ್ದರು. ಮಂಜ ಅವರಿಗೆ ಫೋನು ಮಾಡಿ ಮಾತಾಡಿ, ಕೆಲಸ ಶುರು ಮಾಡಿದ.

ಸಂಜೆ ಯಜಮಾನರು ಬಂದಾಗ ನಾನೂ ಶಾಲೆಯಿಂದ ಅಂಗಡಿಗೆ ಬಂದಿದ್ದೆ. ಕಂಪ್ಯೂಟರು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಒಳಗೆ ಅರವತ್ತನಾಲ್ಕು ಬಿಟ್. ಕತ್ತರಿಸುವ ಮಿಶಿನ್ನು ಅದರ ಮಾತು ಕೇಳುತ್ತಿರಲಿಲ್ಲ. ಅಕ್ಷರಗಳು ಇರಲಿಲ್ಲ, ಒಂದೂ ಇರಲಿಲ್ಲ. ಕಾಪಿ ಇಟ್ಟಿರಲಿಲ್ಲವಾ ಅಂತ ಕೇಳುತ್ತೀರಿ. ಇಟ್ಟಿದ್ದರು, ಅದೇ ಯಂತ್ರದ ಇನ್ನೊಂದು ಡ್ರೈವಿನಲ್ಲಿ. ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟ ಹಾಗೆ. ಮಂಜ ಅದನ್ನೂ ಸೇರಿಸಿ ಒರೆಸಿದ್ದ. ಬರೆದ ಕಾಗದಗಳು ಯಾವತ್ತೋ ನೀರೊಲೆಗೆ ಹೋಗಿದ್ದವು, ಹೇಗೂ ಒಳಗಿವೆಯಲ್ಲ ಅಂತ. ನಾನು ಮಂಜನನ್ನೇ ನೋಡುತ್ತಿದ್ದೆ. ಅವನು ಕಣ್ಣು ತಪ್ಪಿಸಿ ಮೌಸು ಆಡಿಸುತ್ತಿದ್ದ.

ಯಜಮಾನರು ತೆರೆ ನೋಡಿದರು, ಮಂಜನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. "ತಪ್ಪು ನಂದೇ ಕಣ್ಲಾ ಮಂಜ. ಪೋನ್ನಲ್ಲಿ ನಾನು ಮೂವತ್ತೆಲ್ಡು ಬಿಟ್ಟು ಆಕು ಅಂದೆ. ನೀನು ಮೂವತ್ತೆಲ್ಡನ್ನ ಬುಟ್ಬುಟ್ಟು ಅರವತ್ನಾಕು ಆಕ್ದೆ!" ಮಂಜ ಒಂದು ಗಳಿಗೆ ಬೆಪ್ಪಾಗಿ ನೋಡಿದ. ಆಮೇಲೆ "ಹೌದು ಬಾವ, ನಂಗೆ ಹಾಗೇ ಕೇಳಿಸ್ತು" ಅಂತ ಅವನೂ ನಕ್ಕ.

ನೋಡಿ, ನಮ್ಮ ಕಡೆಯವರ ಬಾಯಲ್ಲಿ 'ಬಿಟ್' ಅನ್ನುವುದು 'ಬಿಟ್ಟು' ಆಗದೆ ಇನ್ನೇನಾಗುತ್ತದೆ, ಬಸ್ಸು, ಲೈಟು, ಬೋರ್ಡು ಆದ ಹಾಗೆ. ಆದರೆ ಕೈಬಿಡುವುದಕ್ಕೆ ನಾವು 'ಬುಟ್ಟು' ಅನ್ನುತ್ತೇವೆಯೇ ಹೊರತು 'ಬಿಟ್ಟು' ಅನ್ನುವುದಿಲ್ಲ. ನನ್ನ ಗಂಡ ಹುಟ್ಟಿದಾರಭ್ಯ 'ಬುಟ್ಟು' ಅಂದವರು. ಮಂಜನೂ ಅದೇ ಹೇಮಾವತಿಯ ನೀರು ಕುಡಿದವನು. ಅಷ್ಟೂ ಮರೆತನಾ ಪಾಪಿ, ನಾಲ್ಕು ವರ್ಷ ಮೈಸೂರಿನಲ್ಲಿದ್ದ ಮಾತ್ರಕ್ಕೆ ಕಿವಿಯೂ ಬದಲಾಯಿತಾ ಅಂತ ನನಗೆ ಹೊಟ್ಟೆ ಉರಿಯಿತು. ಆದರೆ ಗಂಡನೇ ನಗುತ್ತಿರುವಾಗ ನಾನು ಯಾರ ಜೊತೆ ಜಗಳ ಆಡಲಿ?

ಆಮೇಲೆ ಹಳೆಯ ಮೂವತ್ತೆರಡನ್ನೇ ಮತ್ತೆ ಹಾಕಿಸಿದರು, ಮಿಶಿನ್ನು ಓಡಿತು. ಸಿದ್ಧ ಅಕ್ಷರ ತುಂಬಿದರು. ಊರಿನ ಎಲ್ಲ ಟ್ರೇಲರುಗಳ ಮೇಲೆ ಇರುವಂಥದೇ ಅಕ್ಷರ. ಇನ್ನೊಮ್ಮೆ ಬರೆಯಲು ಕೈ ಇರಲಿಲ್ಲ.

ಆ ಮಾತು ಮಾತ್ರ ನಮ್ಮ ನೆಂಟರ ನಡುವೆ ದೊಡ್ಡ ತಮಾಷೆಯಾಯಿತು. ಮಂಜ ಅದನ್ನು ಹೇಳದ ಸಮಾರಂಭವಿಲ್ಲ. ಪಾಂಡವಪುರದ ಮದುವೆಯಲ್ಲಿ ಬಾಳೆಲೆಯ ಮುಂದೆ ಕೂತು ಹೇಳಿದ. ಬೀಗರೂಟದಲ್ಲಿ ಮೂಳೆ ಚೀಪುತ್ತ ಹೇಳಿದ. ಅಷ್ಟೇಕೆ, ನಮ್ಮತ್ತೆಯ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದಾಗ, ನದಿಯಿಂದ ಮೇಲೆ ಬಂದು ಇನ್ನೂ ಒದ್ದೆ ಬಟ್ಟೆಯಲ್ಲಿರುವಾಗಲೇ ಯಾರೋ "ಮಂಜ, ಆ ಬಿಟ್ಟು ಕತೆ ಯೋಳ್ಲಾ" ಅಂದರು, ಅವನು ಹೇಳಿದ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ನಗುವಾಗ ಬಲಗೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಬೇರೆಯವರ ಮನೆ ಹಾಳಾದ ಕತೆ ಹೇಳಿಸಿಕೊಂಡು ನಗುವುದಕ್ಕೆ ಈ ಜನಕ್ಕೆ ನಾಚಿಕೆಯಾದರೂ ಬೇಡವಾ?

ಈ ಸಲದ ಗೌರಿ ಹಬ್ಬಕ್ಕೆ ಮಂಜ ಗೆಳೆಯನೊಬ್ಬನ ಕಾರಿನಲ್ಲಿ ಬಾಗಿನ ತಂದ. ಊಟವಾದ ಮೇಲೆ ಇಬ್ಬರೂ ಜಗುಲಿಯಲ್ಲಿ ಕೂತಿದ್ದರು. ಯಜಮಾನರು ಅಂಗಡಿಗೆ ಹೋಗಿದ್ದರು. ನಾನು ಮಜ್ಜಿಗೆ ಹಿಡಿದು ಬಾಗಿಲ ತನಕ ಬಂದಿದ್ದೆ. ಗೆಳೆಯನಿಗೆ ಆ ಕತೆ ಹೊಸದು, ಬಿದ್ದು ಬಿದ್ದು ನಗುತ್ತಿದ್ದ. ಮಂಜ ದನಿ ತಗ್ಗಿಸಿ, "ನಿಜ ಹೇಳ್ಬೇಕಂದ್ರೆ ಬಾವ ಹೇಳಿದ್ದು ನಂಗೆ ಸರಿಯಾಗೇ ಅರ್ಥ ಆಗಿತ್ತು ಕಣೋ. ಆ ಹಳೇ ಮೂವತ್ತೆರಡನ್ನ ಇನ್ನೂ ಯಾರು ಹಾಕ್ತಾರೆ ಅಂತ ನಾನೇ ಅರವತ್ನಾಲ್ಕು ಹಾಕಿದ್ದು. ಪುಣ್ಯಕ್ಕೆ ಬಾವ ಹಾಗೆ ಅಂದ್ಕೊಂಡ್ರು, ನಾನು ಬಚಾವಾದೆ" ಅಂದ.

ಮಜ್ಜಿಗೆ ತಂದು ಕೊಟ್ಟೆ. ಮುಖಕ್ಕೆ ಎರಚಬೇಕಿತ್ತು. ಮಡಿಲಲ್ಲಿ ಅವನು ಕೊಟ್ಟ ಬಾಗಿನದ ಅರಿಶಿನ ಕುಂಕುಮ ಇತ್ತು. ಅವತ್ತಿನಿಂದ ಆ ಮಾತನ್ನು ನುಂಗಿಕೊಂಡು ಓಡಾಡುತ್ತಿದ್ದೆ. ತನ್ನ ಬಾಯಿಂದಲೇ ತನ್ನ ಅಕ್ಷರ ಹೋಯಿತು ಅಂತ ನಂಬಿಕೊಂಡಿರುವ ಮನುಷ್ಯನಿಗೆ ಇದನ್ನು ಹೇಳಿದರೆ ಸಮಾಧಾನ ಆಗುತ್ತದೋ, ಎದೆ ಒಡೆಯುತ್ತದೋ ತಿಳಿಯದೆ ಒದ್ದಾಡಿದೆ. ಇವತ್ತು ಆ ಎರಡು ಚೌಕ ನೋಡಿದ ಮೇಲೆ ತಡೆಯಲಾಗಲಿಲ್ಲ. ಅರವತ್ತನಾಲ್ಕು ಒತ್ತಿ, ಅದು ಕೂರುವ ತನಕ ಕಾದು, ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಹೋದೆ.

ಅವರು ಯಾರದೋ ಟ್ರೇಲರಿಗೆ ಹೆಸರು ಕತ್ತರಿಸಿ, ಹಾಳೆಯಿಂದ ಬಿಡಿಸುತ್ತಿದ್ದರು. ಪೀಠಿಕೆ ಹಾಕುವ ತಾಳ್ಮೆ ನನಗಿರಲಿಲ್ಲ. "ರೀ, ಮಂಜ ಅವತ್ತು ಬೇಕಂತಲೇ ಅರವತ್ನಾಲ್ಕು ಹಾಕಿದ್ದಂತೆ. ನೀವು ಹೇಳಿದ್ದು ಅವನಿಗೆ ಸರಿಯಾಗೇ ಕೇಳಿಸಿತ್ತಂತೆ" ಅಂದೆ.

ಅವರು ತಲೆ ಎತ್ತಲಿಲ್ಲ. "ಗೊತ್ತು ಕಣಮ್ಮಿ" ಅಂದರು.

"ಗೊತ್ತು ಅಂದ್ರೆ? ಯಾವಾಗಿಂದ?"

"ಅವತ್ತಿಂದ್ಲೇ. ಅರವತ್ನಾಕು ಆಕ್ಲಾ ಬಾವ ಅಂತ ಪೋನ್ನಲ್ಲೇ ಕೇಳಿದ್ದ. ಬ್ಯಾಡ ಕಣ್ಲಾ ಅಂದಿದ್ದೆ."

"ಮತ್ತೆ ತಪ್ಪು ನಂದೇ ಅಂತ ಯಾಕೆ ಸುಳ್ಳು ಹೇಳಿದ್ರಿ?"

"ನೀನು ಅವನ್ನ ನೋಡ್ತಿದ್ದಿದ್ದು ನೋಡ್ದೆ. ಅವತ್ತು ಎದ್ದೋದೋನು ಇನ್ನೊಂದ್ಸಲ ನಮ್ಮನೆ ಒಸ್ಲು ತುಳೀತಿರ್ನಿಲ್ಲ. ಅಕ್ಸರ ಎಂಗೂ ಓಗಿತ್ತು. ನಿನ್ ತೌರೂ ಓಗ್ಬೇಕಾಗಿತ್ತಾ?"

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಇಷ್ಟು ವರ್ಷ ಕಂಡಕಂಡವರೆಲ್ಲ ಇವರನ್ನು ಪೆದ್ದ ಮಾಡಿ ನಕ್ಕಿದ್ದು, ಇವರು ಕೈ ಮುಚ್ಚಿಟ್ಟುಕೊಂಡು ಅವರ ಜೊತೆ ನಕ್ಕಿದ್ದು, ಎಲ್ಲ ನನ್ನ ಹೆಸರಿನಲ್ಲಿ ನಡೆದಿತ್ತು. ನನಗೊಂದು ಮಾತು ಹೇಳದೆ ನಡೆದಿತ್ತು.

"ನನ್ನನ್ನೊಂದು ಮಾತು ಕೇಳಬಾರದಿತ್ತಾ? ಎರಡರಲ್ಲಿ ಯಾವುದು ಬೇಕು ಅಂತ ಆ ಹಾಳು ಯಂತ್ರ ಕೂಡ ಕೇಳುತ್ತಲ್ರೀ!" ಪಕ್ಕದ ಪಂಕ್ಚರ್ ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

"ಕೇಳಿದ್ರೆ ಏನಂತಿದ್ದೆ?"

"ನಿಮ್ಮ ಕಡೆ ನಿಲ್ತಿದ್ದೆ."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. ನಡುಗುತ್ತಿದ್ದ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡು, "ಅದ್ಕೇ ಕಣಮ್ಮಿ ಕೇಳ್ನಿಲ್ಲ" ಅಂದರು.