ಗುಲಾಬಿ ಹಾಳೆಯ ಸಹಿ

ನನ್ನ ಆಟೋಗ್ರಾಫ್ ಪುಸ್ತಕದಲ್ಲಿ ಒಬ್ಬ ದೊಡ್ಡ ಗವಾಯಿಗಳ ಸಹಿ ಎರಡು ಕಡೆ ಇದೆ. ಹಳದಿ ಹಾಳೆಯದು ಅವರು ಧಾರವಾಡದ ಒಂದು ಮನೆಯ ಬೈಠಕ್ಕಿನಲ್ಲಿ ನನ್ನ ಕಣ್ಣೆದುರೇ ಹಾಕಿದ್ದು. ಗುಲಾಬಿ ಹಾಳೆಯದು ತಂಗಿಯ ಕೈಚಳಕ ಎಂದು ನಾನು. ಎರಡನ್ನೂ ಅಕ್ಕನೇ ಬರೆದುಕೊಂಡಳು ಎಂದು ಅವಳು. ಈ ಜಗಳಕ್ಕೆ ಅರವತ್ತು ವರ್ಷ ದಾಟಿದೆ. ಅಷ್ಟರಲ್ಲಿ ಇಬ್ಬರಿಗೂ ಮದುವೆಯಾಗಿ, ಮಕ್ಕಳಾಗಿ, ಮೊಣಕಾಲು ಕೂಡ ಹೊಸವು ಬಂದಿವೆ. ಜಗಳ ಮಾತ್ರ ಒರಿಜಿನಲ್.

ಬೈಠಕ್ಕಿಗೆ ಅಪ್ಪ ನನ್ನನ್ನಷ್ಟೇ ಕರೆದುಕೊಂಡು ಹೋಗಿದ್ದರು. ತಂಗಿಗೆ ಮಂಗನಬಾವು. ಗಲ್ಲಕ್ಕೆ ಫ್ಲಾನೆಲ್ ಕಟ್ಟಿಸಿಕೊಂಡು ಮನೆಯಲ್ಲಿ ಉಳಿದಳು. ಹಾಡು ಮುಗಿದ ಮೇಲೆ ಗವಾಯಿಗಳು ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ನಾನು ಪುಸ್ತಕ ಮುಂದೆ ಹಿಡಿದೆ. ಅಪ್ಪನ ಕಿಸೆಯಲ್ಲಿ ಪೆನ್ನಿರಲಿಲ್ಲ, ಪೆನ್ಸಿಲ್ ಇತ್ತು.

“ಯಾವ ಸಾಲಿ?” ಎಂದು ಗವಾಯಿಗಳು ಕೇಳಿದರು.

“ಕಾನ್ವೆಂಟ್ ರೀ.”

“ಅಲ್ಲಿ ಹಾಡ ಕಲಸ್ತಾರೇನು?”

“ಹಿಮ್ಸ್ ಕಲಸ್ತಾರ್ರಿ, ಯೇಸುವಿನ ಹಾಡು.”

ಅವರು ಸಹಿ ಹಾಕಿ ಪೆನ್ಸಿಲನ್ನು ತಮ್ಮ ಕಿಸೆಯಲ್ಲೇ ಇಟ್ಟುಕೊಂಡರು. ಅಪ್ಪ ಕೇಳಲಿಲ್ಲ.

ನಮ್ಮ ಕಾನ್ವೆಂಟಿನಲ್ಲಿ ಏನನ್ನೇ ಬರೆದರೂ ಮೊದಲು ಪೆನ್ಸಿಲ್. ಸಿಸ್ಟರ್ ತಿದ್ದಿದ ಮೇಲೆ ಅದೇ ಗೆರೆಯ ಮೇಲೆ ಶಾಯಿ. ಶಾಯಿ ಆರಿದ ಮೇಲೆ ಅಡಿಯ ಪೆನ್ಸಿಲನ್ನು ರಬ್ಬರಿನಿಂದ ಅಳಿಸಬೇಕು. ಇದಕ್ಕೆ ಫೇರ್ ಮಾಡುವುದು ಎನ್ನುತ್ತಿದ್ದೆವು. ಕೆಲವು ವಾರಗಳಲ್ಲಿ ಗವಾಯಿಗಳ ಸಹಿ ಮಸುಕಾಗತೊಡಗಿತು. ನಾನು ಒಳ್ಳೆಯ ಹುಡುಗಿ. ಅದನ್ನೂ ಫೇರ್ ಮಾಡಿದೆ. ರಾಯಲ್ ಬ್ಲೂ ಶಾಯಿಯಲ್ಲಿ, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ. ಆಮೇಲೆ ರಬ್ಬರ್. ತಂಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳ ಆರೋಪ ಹುಟ್ಟಿದ್ದು ಅಲ್ಲಿ. ಅದೇ ದಿನ ಮುಂದಿನ ಗುಲಾಬಿ ಹಾಳೆ ತಿರುವಿದರೆ ಅಲ್ಲಿ ಇನ್ನೊಂದು ಸಹಿ ಆಗಲೇ ಕುಳಿತಿತ್ತು. ನನ್ನ ಆರೋಪ ಹುಟ್ಟಿದ್ದು ಅಲ್ಲಿ.

ಕಳೆದ ದೀಪಾವಳಿಯ ಊಟದಲ್ಲಿ ಮೊಮ್ಮಕ್ಕಳ ಎದುರಿಗೆ ಅವಳು ಮತ್ತೆ ಶುರುಮಾಡಿದಳು. “ನಮ್ಮಕ್ಕಾ ಶಾಣ್ಯಾಕಿ. ಒಂದು ಕೆಟ್ರ ಇನ್ನೊಂದಿರ್ಲಿ ಅಂತ ಎರಡು ಸಲ ಬರಕೊಂಡಾಳ.” ಮಕ್ಕಳು ನಕ್ಕರು. ನಾನೂ ನಕ್ಕೆ. ನನಗೆ ಬೇಕಾಗಿದ್ದದ್ದು ಒಂದೇ: ನಮ್ಮಲ್ಲೊಬ್ಬಳು ಹೋಗುವ ಮೊದಲು, ಗವಾಯಿಗಳು ಸಹಿ ಹಾಕಿದ್ದು ಖರೇ ಎಂದು ಅವಳು ಒಮ್ಮೆ ಬಾಯಿಬಿಟ್ಟು ಹೇಳಬೇಕು. ಅವಳಿಗೆ ನನ್ನ ಮಾತಿಗಿಂತ ಅಚ್ಚಾದ ಕಾಗದದ ಮೇಲೆ ನಂಬಿಕೆ ಹೆಚ್ಚು.

ಹೀಗಾಗಿ ಪುಸ್ತಕವನ್ನು ಹುಬ್ಬಳ್ಳಿಗೆ ಒಯ್ದೆ. ಗೋಕುಲ ರಸ್ತೆಯಲ್ಲಿ, ಬ್ಯಾಟರಿ ಅಂಗಡಿಯ ಮಹಡಿಯ ಮೇಲೆ, ಹಳೆಯ ನಾಣ್ಯ, ಸ್ಟ್ಯಾಂಪು, ಸಹಿಗಳ ವ್ಯಾಪಾರಿಯೊಬ್ಬರಿದ್ದಾರೆ. ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡಿದ್ದರು. ಅದನ್ನು ಮುಟ್ಟಲಿಲ್ಲ.

“ನಿಮಗ ಏನ ಅನಸ್ತದ?” ಎಂದೆ.

“ನನಗ ಅನಿಸಿ ಏನ ಉಪಯೋಗ ಐತ್ರಿ ಮೇಡಂ? ನೀವು ಫಸ್ಟ್ ಪಾರ್ಟಿ, ನಾ ಸೆಕೆಂಡ್ ಪಾರ್ಟಿ. ಥರ್ಡ್ ಪಾರ್ಟಿ ಹೇಳಬೇಕು.”

“ಅವರು ಬರ್ಯೂವಾಗ ನಾ ಅಲ್ಲೇ ನಿಂತಿದ್ನಿ.”

“ಇಲ್ಲಿಗೆ ಬರೋರು ಎಲ್ಲಾರೂ ಅಲ್ಲೇ ನಿಂತಿರ್ತಾರ್ರಿ.”

ಪುಸ್ತಕ ಕುರಿಯರ್‌ನಲ್ಲಿ ಸಹಿಗಳನ್ನು ಪರೀಕ್ಷಿಸುವ ಮುಂಬೈಯ ಒಂದು ಕಂಪನಿಗೆ ಹೋಯಿತು. ಎರಡು ತಿಂಗಳ ಮೇಲೆ ಫೋನು ಬಂತು. ನಾನು ತಂಗಿಯನ್ನೂ ಕರೆದುಕೊಂಡು ಹೋದೆ. ಸಾಕ್ಷಿಗೆಂದಲ್ಲ, ಶಿಕ್ಷೆಗೆಂದು.

ವ್ಯಾಪಾರಿ ಎರಡು ರಿಪೋರ್ಟುಗಳನ್ನು ಟೇಬಲ್ಲಿನ ಮೇಲೆ ಇಟ್ಟು ಓದಿದರು. ಹಳದಿ ಹಾಳೆ: ಗೆರೆ ಎಳೆದೆಳೆದು ಬರೆದದ್ದು, ಕೈಯಲ್ಲಿ ಓಟವಿಲ್ಲ, ನಕಲು. ಗುಲಾಬಿ ಹಾಳೆ: ನಮ್ಮಲ್ಲಿರುವ ಗವಾಯಿಗಳ ಸಹಿಗಳೊಂದಿಗೆ ಹೊಂದುತ್ತದೆ, ಅಸಲಿ. ಅದಕ್ಕೊಂದು ಮಿರುಗುವ ಹೊಲೋಗ್ರಾಂ ಸ್ಟಿಕರ್.

ತಂಗಿ ಮೊದಲು ಹಳದಿಗೆ ನಕ್ಕಳು. ಆಮೇಲೆ ಗುಲಾಬಿಯ ಅರ್ಥ ಹೊಳೆಯಿತು. ಅದು ಅಸಲಿಯಾದರೆ ಗವಾಯಿಗಳು ನನ್ನ ಪುಸ್ತಕದಲ್ಲಿ ಸಹಿ ಹಾಕಿದಂತಾಯಿತು. ನಾನು ಗೆದ್ದಂತಾಯಿತು.

“ಇದು ತಪ್ಪದ” ಎಂದಳು.

“ಎಕ್ಸ್‌ಪರ್ಟ್ ಮಂದಿ ತಪ್ಪಂಗಿಲ್ರಿ ಅಮ್ಮಾರ.”

“ತಪ್ಪ್ಯಾರ. ಗುಲಾಬೀದು ನಾ ಬರದದ್ದು.”

“ಹಂಗನಬ್ಯಾಡ್ರಿ. ಸ್ಟಿಕರ್ ಬಂದೈತಿ.”

ಅರವತ್ತು ವರ್ಷ ಕಾದ ಮಾತು ಅಷ್ಟು ಸಲೀಸಾಗಿ ಬಿತ್ತು. ನಾನು ನಮ್ಮ ಸಿಸ್ಟರ್ ಕೇಳುತ್ತಿದ್ದ ಧಾಟಿಯಲ್ಲಿ ಕೇಳಿದೆ: “ಏನ ನೋಡಿ ಬರದಿ?”

“ನಿನ್ನ ಹಳದೀದು. ಆಗ ಇನ್ನೂ ಪೆನ್ಸಿಲ್ ಇತ್ತು. ನೀ ಸಾಲಿಗೆ ಹೋದಾಗ ಪಾಟಿ ಮ್ಯಾಲ ಮೂರು ದಿನ ರೂಢಿ ಮಾಡಿ, ಆಮ್ಯಾಲ ಒಂದ ಏಟಿಗೆ ಬರದೆ.”

“ಅವರ ಸಹಿ ಬ್ಯಾರೆ ಎಲ್ಲೆರೆ ನೋಡಿದ್ದೇನು?”

“ಎಲ್ಲಿ ನೋಡ್ಲಿ? ಗಲ್ಲಾ ಕಟಗೊಂಡು ಹಾಸಿಗ್ಯಾಗ ಬಿದ್ದಿದ್ನಿ.”

“ಮತ್ತ ನೀ ಬರದದ್ದು ಮುಂಬೈಯವರ ಹತ್ರ ಇರೂ ಸಹಿಗೆ ಹೆಂಗ ಹೊಂದ್ತು?”

ಕೆಳಗೆ ಯಾರೋ ಬ್ಯಾಟರಿ ಎಳೆಯುವ ಸದ್ದು. ತಂಗಿ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದಳು.

“ಹಂಗಾದ್ರ ಆ ಪೆನ್ಸಿಲಿಂದು ಅವರದ.”

“ಖರೇನು?”

“ಖರೇ.” ಕನ್ನಡಕ ಮತ್ತೆ ಹಾಕಿಕೊಂಡು, “ಅಪ್ಪಾ ನನ್ನನ್ನೂ ಕರಕೊಂಡು ಹೋಗಬಹುದಿತ್ತು. ದೂರ ಕೂಡತಿದ್ನಿ” ಎಂದಳು.

ಬೈಠಕ್ಕಿನ ಆ ಸಂಜೆ ಅವಳಿಗೆಂದು ಒಂದು ಪೇಢೆಯನ್ನಾದರೂ ನಾನು ತಂದಿದ್ದೆನೇ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಮುಂಬೈಯವರನ್ನು ನಾನು ದೂರುವುದಿಲ್ಲ. ಹಳದಿಯ ಬಗ್ಗೆ ಅವರು ಹೇಳಿದ್ದು ಸರಿಯೇ, ಆ ಶಾಯಿಯ ಗೆರೆ ನನ್ನದು. ರಬ್ಬರ್ ಅಳಿಸಿದ್ದನ್ನು ಅವರು ಹೇಗೆ ನೋಡಿಯಾರು? ಸರ್ಟಿಫಿಕೇಟ್ ತರಿಸಬಾರದು ಎಂದೂ ನಾನು ಹೇಳಲಾರೆ, ತರಿಸಿದವಳೇ ನಾನು. ಆದರೆ ಸಹಿ ಹಾಕಿಸಿಕೊಂಡವಳು, ನಕಲು ಮಾಡಿದವಳು ಇಬ್ಬರೂ ಎದುರಿಗೇ ಕುಳಿತಿರುವಾಗ ವ್ಯಾಪಾರಿಯಾದವರು ಅವರನ್ನೂ ಒಂದು ಮಾತು ಕೇಳಬಹುದು. ಅವರು ಕೇಳಿದ್ದು ಬೇರೆ.

“ಗುಲಾಬೀದು ನನಗ ಕೊಡ್ರಿ ಮೇಡಂ. ಸರ್ಟಿಫಿಕೇಟ್ ಪೇಪರ್ ಗಟ್ಟಿ ಐತಿ. ನಮ್ಮ ಗಿರಾಕಿ ಪೇಪರ್ ನೋಡಿ ತಗೋತಾರ.”

“ಆಕಿ ಈಗ ಹೇಳಿದ್ದು ಕೇಳಿದ್ರೆಲ್ಲಾ?”

“ನಾ ಏನೂ ಕೇಳಿಲ್ರಿ.”

ತಂಗಿ ಕೈ ಚಾಚಿ ಅವರ ಕಿಸೆಯ ಪೆನ್ನು ಕೇಳಿದಳು. ಅವರು ಕೊಟ್ಟರು, ಯಾಕೆಂದು ತಿಳಿಯದೆ. ಪುಸ್ತಕ ಎಳೆದುಕೊಂಡು, ಗುಲಾಬಿ ಹಾಳೆಯಲ್ಲಿ ಆ ಸಹಿಯ ಕೆಳಗೆ ತನ್ನ ಹೆಸರು ಬರೆದಳು. ವ್ಯಾಪಾರಿ ಕಣ್ಣು ಮುಚ್ಚಿದರು. ಬರೆಯಲು ಬಹಳ ಹೊತ್ತು ಹಿಡಿಯಿತು. ಈಚೆಗೆ ಅವಳ ಕೈ ನಡುಗುತ್ತದೆ. ಗೆರೆ ಎಳೆದೆಳೆದು ಬಂತು, ಓಟವೇ ಇರಲಿಲ್ಲ. ಮುಂಬೈಗೆ ಕಳಿಸಿದರೆ ನಕಲು ಎಂದೇ ಬರುತ್ತದೆ.