ಅಕ್ಕನ ರಕ್ತ, ನನ್ನ ರಕ್ತ

ನಾವು ತೆಂಗಳಿಯವರು. ಅಕ್ಕನನ್ನು ಶಹಾಬಾದ ಹತ್ತಿರದ ಭಂಕೂರಕ್ಕೆ ಕೊಟ್ಟಿತ್ತು. ಅಲ್ಲಿ ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಅವಳ ತಮ್ಮನಾದ ನಾನು ಸೇಡಂನಲ್ಲಿ ಶಾಲಾ ಮೇಷ್ಟ್ರು.

ಅಕ್ಕ ಚೊಚ್ಚಲ ಬಸುರಿಯಾದಾಗ ಆಸ್ಪತ್ರೆಯಲ್ಲಿ ಎಲ್ಲರಿಗೂ ಮಾಡುವ ರಕ್ತಪರೀಕ್ಷೆ ಮಾಡಿದರು. ಹೆಪಟೈಟಿಸ್ ಬಿ ಇದೆ ಎಂದು ಬಂತು. ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲ ವೈರಸ್ ಅದು. ಅಕ್ಕನಿಗೆ ಒಮ್ಮೆಯೂ ಕಣ್ಣು ಹಳದಿಯಾಗುವ ಕಾಮಣಿ ಆಗಿದ್ದಿಲ್ಲ. ಸುದ್ದಿ ತಿಳಿದ ದಿನವೇ ಅವಳ ಅತ್ತೆ ಅವಳಿಗೆ ಉಣ್ಣಲು ಬೇರೆ ತಾಟು ಇಟ್ಟರು.

ಅಕ್ಕ ಅಳಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಅತ್ತೆಯನ್ನೂ ಕರೆದುಕೊಂಡಳು. ನಾನೂ ಜೊತೆಗಿದ್ದೆ. ಡಾಕ್ಟರಮ್ಮನ ಎದುರು ಕೂತು ನೇರವಾಗಿ ಕೇಳಿದಳು:

"ಮೇಡಂ, ನಾ ಉಂಡ ತಾಟಿನಾಗ ನಮ್ಮ ಅತ್ತಿ ಉಂಡ್ರ ಅವರಿಗಿ ಈ ಬ್ಯಾನಿ ಬರ್ತದೇನ್ರಿ?"

"ಇಲ್ಲವ್ವ. ಇದು ರಕ್ತದಿಂದ ಬರ್ತದ, ಹೆರಿಗಿ ಟೈಮಿನಾಗ ತಾಯಿಯಿಂದ ಕೂಸಿಗಿ ಬರ್ತದ. ಕೂಡಿ ಉಂಡ್ರ ಬರಂಗಿಲ್ಲ."

ಅತ್ತೆ ಮನೆಗೆ ಹೋದವರೇ ಬೇರೆ ಇಟ್ಟಿದ್ದ ತಾಟನ್ನು ಎಲ್ಲರ ತಾಟುಗಳ ಜೊತೆ ತೊಳೆದಿಟ್ಟರು.

ತವರಿನವರೂ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರು. ಅವ್ವನ ರಕ್ತದಲ್ಲೂ ವೈರಸ್ ಇತ್ತು. ನನ್ನಲ್ಲಿ ಅದು ಎಂದೋ ಬಂದು ಹೋದ ಗುರುತು ಮಾತ್ರ ಉಳಿದಿತ್ತು.

"ನಾನೇ ಹಡದು ನಾನೇ ನಿನಗ ಇದನ್ನ ಕೊಟ್ಟೆನಲ್ಲವ್ವ," ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಅಕ್ಕ ಅವಳ ಕೈ ಹಿಡಿದಳು. "ನಿನಗ ಅದು ಇದ್ದದ್ದೇ ಗೊತ್ತಿದ್ದಿಲ್ಲ. ನೀ ಹ್ಯಾಂಗ ಕೊಡ್ತಿ? ಸುಮ್ನಿರು."

ಒಂದೇ ತಾಯಿಯ ಮಕ್ಕಳಲ್ಲಿ ಅವಳಿಗೆ ಉಳಿದದ್ದು ನನ್ನಿಂದ ಹೇಗೆ ಹೋಯಿತೆಂದು ಡಾಕ್ಟರನ್ನು ಕೇಳಿದೆ. ಅವರು ಬೇಸರಪಡದೆ ಬಿಡಿಸಿ ಹೇಳಿದರು. ಹೊರಗಿನಿಂದ ಬಂದ ವೈರಸ್ಸನ್ನು ಗುರುತು ಹಿಡಿಯಲು ನಮ್ಮ ದೇಹಕ್ಕೆ ಕಾವಲಿನ ಜೀನ್‌ಗಳಿವೆ. ಅವು ಅರ್ಧ ಅಪ್ಪನಿಂದ, ಅರ್ಧ ಅವ್ವನಿಂದ ಬರುತ್ತವೆ; ಆದರೆ ಒಡಹುಟ್ಟಿದವರಿಗೆಲ್ಲ ಅದೇ ಪಾಲು ಸಿಗುವುದಿಲ್ಲ. ನನ್ನ ಪಾಲಿಗೆ ಬಂದವು ಅದನ್ನು ಬೇಗ ಗುರುತಿಸಿರಬಹುದು. ವೈರಸ್ ಯಾವ ವಯಸ್ಸಿನಲ್ಲಿ ಒಳಗೆ ಬಂತೆನ್ನುವುದೂ ಮುಖ್ಯ. "ಪೂರಾ ಉತ್ತರ ನಮಗೂ ಇನ್ನಾ ಸಿಕ್ಕಿಲ್ಲ, ಹುಡುಕ್ಲಿಕತ್ತೀವಿ," ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಅವರ ಮೇಲೆ ನನಗೆ ಗೌರವ ಹೆಚ್ಚಿತು.

ಇದನ್ನೇ ಅಧ್ಯಯನ ಮಾಡುತ್ತಿದ್ದವರು ಕಲಬುರಗಿಯಿಂದ ಬಂದು ನಮ್ಮಿಬ್ಬರ ರಕ್ತ ಕೇಳಿದರು. ಇದರಿಂದ ನಿಮಗೇನೂ ಲಾಭವಿಲ್ಲ ಎಂದು ಮೊದಲೇ ಹೇಳಿದರು. ನಾನು ಯೋಚಿಸುತ್ತಾ ನಿಂತೆ. ತುಂಬು ಬಸುರಿ ಅಕ್ಕ ಆಗಲೇ ತೋಳು ಮುಂದೆ ಚಾಚಿದ್ದಳು.

"ನಮಗ ಆಗಲಿಲ್ಲಂದ್ರ ಯಾರದರೆ ಕೂಸಿಗಿ ಉಪಯೋಗ ಆದೀತು. ತಗೋರಿ."

ವೈರಸ್ ಕೂಸಿಗೆ ದಾಟದಿರಲೆಂದು ಹೆರಿಗೆಗೆ ಮುಂಚೆಯೇ ಅವಳಿಗೆ ಗುಳಿಗೆ ಶುರುವಾಯಿತು. ಮಗಳು ಹುಟ್ಟಿದ ದಿನವೇ ಕೂಸಿಗೆ ಲಸಿಕೆಯ ಸೂಜಿ ಹಾಕಿದರು. ವರ್ಷ ತುಂಬಿದ ಮೇಲೆ ಕೂಸಿನ ರಕ್ತ ನೋಡಿದಾಗ ವೈರಸ್ ಇರಲಿಲ್ಲ. "ಕೂಸಿಗಿ ಏನೂ ಇಲ್ಲಂತ!" ಎಂದು ಅತ್ತೆ ಓಣಿಯ ತುಂಬ ಹೇಳಿ ಬಂದರು.

ಅಕ್ಕ ದಿನವೂ ಗುಳಿಗೆ ನುಂಗುತ್ತಾಳೆ, ಯಕೃತ್ತು ಚೆನ್ನಾಗಿದೆ. ಅಳತೆ ಕೊಡಲು ಬರುವ ಬಸುರಿಯರಿಗೆ ತನ್ನ ಬ್ಯಾನಿ ಮುಚ್ಚಿಡದೆ ಹೇಳಿ, ಪರೀಕ್ಷೆಗೆ ಕಳಿಸುತ್ತಾಳೆ. ಮೊನ್ನೆ ವಾಡಿಯಿಂದ ತವರಿಗೆ ಬಂದಿದ್ದ ಹುಡುಗಿಯೊಬ್ಬಳು ಹೆದರಿ ಒಲ್ಲೆ ಎಂದಾಗ, ಅರ್ಧ ಹೊಲಿದ ಕುಪ್ಪಸವನ್ನು ಯಂತ್ರದ ಮೇಲೇ ಬಿಟ್ಟು ಅವಳ ಜೊತೆ ತಾನೇ ಆಸ್ಪತ್ರೆಗೆ ಬಸ್ಸು ಹತ್ತಿದಳು.